ಅಮೆರಿಕದ ಮೊದಲ ಒಕ್ಕೂಟ ಒಪ್ಪಂದ ಏಕೆ ಬಾಳಲಿಲ್ಲ?

ಪ್ರಶ್ನೆ: ಅಮೆರಿಕದಲ್ಲಿ ಈಗಿನ ಸಂವಿಧಾನಕ್ಕೂ ಮೊದಲು ‘ಆರ್ಟಿಕಲ್ಸ್ ಆಫ್ ಕಾನ್‌ಫೆಡರೇಷನ್’ ಎಂಬ ಒಪ್ಪಂದ ಜಾರಿಯಲ್ಲಿತ್ತೆಂದು ಓದಿದ್ದೇನೆ. 1777ರಲ್ಲೇ ಕಾಂಗ್ರೆಸ್ (ರಾಜ್ಯಗಳ ಪ್ರತಿನಿಧಿಗಳ ಕೇಂದ್ರ ಸಭೆ) ಅಂಗೀಕರಿಸಿದ್ದರೂ ಅದು 1781ರವರೆಗೆ ಜಾರಿಗೆ ಬರಲಿಲ್ಲವೇಕೆ, ಬಂದ ಮೇಲೂ ಹತ್ತು ವರ್ಷ ನಿಲ್ಲಲಿಲ್ಲವೇಕೆ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ವಿಳಂಬಕ್ಕೆ ಕಾರಣ ಜಮೀನು. 13 ರಾಜ್ಯಗಳೂ ಒಪ್ಪಬೇಕಿತ್ತು. ವರ್ಜೀನಿಯಾದಂತಹ ರಾಜ್ಯಗಳು ಪಶ್ಚಿಮದ ವಿಶಾಲ ಭೂಭಾಗದ ಮೇಲಿನ ಹಕ್ಕನ್ನು ಬಿಟ್ಟುಕೊಡದ ಹೊರತು ಸಹಿ ಹಾಕುವುದಿಲ್ಲವೆಂದು ಮೇರಿಲ್ಯಾಂಡ್ ಪಟ್ಟು ಹಿಡಿದಿತ್ತು.

ಉತ್ತರ 2: ಅದು ಬಾಳದಿದ್ದುದಕ್ಕೆ ಮುಖ್ಯ ಕಾರಣ ತೆರಿಗೆ ಎಂಬುದು ನನ್ನ ಅಭಿಪ್ರಾಯ. ಯುದ್ಧ ಸಾರುವ, ಸಾಲ ಎತ್ತುವ ಅಧಿಕಾರವಿದ್ದ ಕಾಂಗ್ರೆಸ್ಸಿಗೆ ತೆರಿಗೆ ವಿಧಿಸುವ ಅಧಿಕಾರವೇ ಇರಲಿಲ್ಲ. ರಾಜ್ಯಗಳನ್ನು ಹಣ ಕೇಳಬಹುದಿತ್ತೇ ಹೊರತು ವಸೂಲು ಮಾಡುವಂತಿರಲಿಲ್ಲ. ಆಮದು ಸರಕಿನ ಮೇಲೆ ಶೇ 5ರಷ್ಟು ಸುಂಕ ಹಾಕಲು ತಂದ ತಿದ್ದುಪಡಿಯನ್ನು 1782ರಲ್ಲಿ ಪುಟ್ಟ ರೋಡ್ ಐಲೆಂಡ್ ತಿರಸ್ಕರಿಸಿತು. ತಿದ್ದುಪಡಿಗೆ ಸರ್ವಾನುಮತ ಕಡ್ಡಾಯವಾಗಿದ್ದುದರಿಂದ ಆ ಒಂದು ನಿರಾಕರಣೆಯೇ ಸಾಕಾಯಿತು. 1786ರಲ್ಲಿ ಮ್ಯಾಸಚೂಸೆಟ್ಸ್‌ನ ಸಾಲಗಾರ ರೈತರು ಬಂಡೆದ್ದಾಗಲೂ ಕೇಂದ್ರ ಹೆಚ್ಚುಕಡಿಮೆ ಕೈಕಟ್ಟಿ ಕುಳಿತಿತ್ತು.

ಉತ್ತರ 3: ಮೇಲಿನವರ ಮಾತು ಸರಿ, ಆದರೂ ಅದನ್ನು ಬರೀ ವೈಫಲ್ಯವೆನ್ನುವುದು ನ್ಯಾಯವಲ್ಲ. ಓಹಿಯೊ ನದಿಯ ವಾಯವ್ಯದ ಪ್ರದೇಶದಲ್ಲಿ ಗುಲಾಮಗಿರಿಯನ್ನು ನಿಷೇಧಿಸಿ, ಅಲ್ಲಿ ಹುಟ್ಟುವ ರಾಜ್ಯಗಳಿಗೆ ಹಳೆಯವುಗಳಷ್ಟೇ ಸ್ಥಾನಮಾನ ಕೊಟ್ಟ 1787ರ ಶಾಸನ ಇದೇ ಕಾಂಗ್ರೆಸ್ಸಿನದು (ಆ ನೆಲದ ಮೂಲನಿವಾಸಿಗಳಿಗೆ ಇದರಲ್ಲಿ ಪಾಲಿರಲಿಲ್ಲವೆಂಬುದು ಬೇರೆ ಮಾತು). ಅದೇ ವರ್ಷ ಫಿಲಡೆಲ್ಫಿಯಾದಲ್ಲಿ ಸೇರಿದ ರಾಜ್ಯಗಳ ಪ್ರತಿನಿಧಿಗಳು ಸರ್ವಾನುಮತದ ತೊಡಕನ್ನು ಕಂಡಿದ್ದರಿಂದಲೇ, ಹೊಸ ಸಂವಿಧಾನಕ್ಕೆ 9 ರಾಜ್ಯಗಳ ಒಪ್ಪಿಗೆ ಸಾಕೆಂದು ಬರೆದುಕೊಂಡರು.