ಪದಚರ್ಚೆ: ಮೊಬೈಲಿನ ‘ವೈಶಿಷ್ಟ್ಯ’, ‘ಜಲನಿರೋಧಕ’ – ಬೇರೆ ಪದ ಬೇಕಲ್ಲವೇ?

ಬಳಗದ ಹಿರಿಯರಿಗೂ ಮಿತ್ರರಿಗೂ ನಮಸ್ಕಾರ.

ಮೊಬೈಲ್ ಕೊಳ್ಳುವಾಗ ಏನನ್ನು ನೋಡಬೇಕು, ಯಾವುದಕ್ಕೆ ಮರುಳಾಗಬಾರದು ಎಂದು ತಿಳಿಸುವ ಸಣ್ಣ ಕೈಪಿಡಿಯೊಂದನ್ನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸುತ್ತಿನ ಕೃಷಿಕರಿಗಾಗಿ ಬರೆಯುತ್ತಿದ್ದೇನೆ. ಇಲ್ಲಿ ಅಂಗಡಿಯ ಫಲಕ ಮಲಯಾಳದಲ್ಲಿರುತ್ತದೆ, ಪೆಟ್ಟಿಗೆಯ ಮೇಲಿನ ಬರಹ ಇಂಗ್ಲಿಷಿನಲ್ಲಿ. ಮನೆಮಾತು ತುಳುವೋ ಹವ್ಯಕವೋ ಮರಾಠಿಯೋ ಆದರೂ ಓದಿ ಮನಸ್ಸಿಗೆ ತಂದುಕೊಳ್ಳುವುದು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ. ಆ ಕನ್ನಡದ ಪದವೇ ದಾರಿ ತಪ್ಪಿಸಿದರೆ ಓದಿದವರ ದುಡ್ಡು ಹೋಗುತ್ತದೆ. ಆದ್ದರಿಂದ ನಿಮ್ಮ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ‘ಜಲನಿರೋಧಕ’. ‘ಗುಂಡುನಿರೋಧಕ ಕವಚ’ ಎಂದರೆ ಗುಂಡು ಒಳಹೊಗದು ಎಂದೇ ನಾವು ತಿಳಿಯುತ್ತೇವೆ. ಜಲನಿರೋಧಕ ಮೊಬೈಲಿಗೂ ಓದುಗರು ಅದೇ ಅರ್ಥವನ್ನು ಹಚ್ಚುತ್ತಾರೆ. ಆದರೆ ಧೂಳು, ನೀರುಗಳನ್ನು ಎಷ್ಟು ತಡೆದೀತೆಂದು ಸೂಚಿಸಲು ಪೆಟ್ಟಿಗೆಯ ಮೇಲಿರುವ ಐಪಿ ಸಂಖ್ಯೆ ಅಷ್ಟು ದೊಡ್ಡ ಭರವಸೆಯನ್ನು ಕೊಡುವುದಿಲ್ಲ. ಅದರ ಮೊದಲ ಅಂಕಿ ಧೂಳಿನದು, ಎರಡನೆಯದು ನೀರಿನದು. ಐಪಿ 54 ಎಂದರೆ ಯಾವ ದಿಕ್ಕಿನಿಂದ ನೀರು ಎರಚಿದರೂ ತಡೆದುಕೊಂಡೀತು, ಅಷ್ಟೇ. ಐಪಿ 67 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ. ಐಪಿ 68ರಲ್ಲಿ ಆಳ ಎಷ್ಟು, ಹೊತ್ತು ಎಷ್ಟು ಎಂಬುದನ್ನು ತಯಾರಕರೇ ಹೇಳಬೇಕು. ಪರೀಕ್ಷೆ ನಡೆಯುವುದು ಹೊಸ ಮೊಬೈಲಿನ ಮೇಲೆ, ಸಿಹಿನೀರಿನಲ್ಲಿ. ಅಂಚಿನ ಅಂಟೂ ರಬ್ಬರೂ ಹಳತಾದ ಹಾಗೆ, ಕೆಳಗೆ ಬಿದ್ದು ಪೆಟ್ಟು ತಿಂದ ಮೇಲೆ, ಆ ಶಕ್ತಿ ಕುಗ್ಗುತ್ತದೆ.

ನಮ್ಮಲ್ಲಿ ಮೊಬೈಲಿಗೆ ತಾಗುವುದು ಸಿಹಿನೀರು ಮಾತ್ರವೂ ಅಲ್ಲ. ಅಡಿಕೆಗೆ ಕೊಳೆರೋಗ ಬಾರದಿರಲೆಂದು ಮದ್ದು ಬಿಡುವಾಗ ಮೈಲುತುತ್ತು, ಸುಣ್ಣ ಬೆರೆತ ಬೋರ್ಡೊ ದ್ರಾವಣ ಮೈಮೇಲೆಲ್ಲ ಬೀಳುತ್ತದೆ. ನನ್ನ ಭಾವ ಆ ಒಂದು ಪದವನ್ನು ನಂಬಿ ಮೊಬೈಲನ್ನು ಅಂಗಿಯ ಜೇಬಿನಲ್ಲಿಯೇ ಇಟ್ಟುಕೊಂಡು ಮದ್ದು ಬಿಟ್ಟರು. ಕೆಲವು ದಿನಗಳಲ್ಲಿ ಚಾರ್ಜ್ ಮಾಡುವ ಕಿಂಡಿಯೊಳಗಿನ ಸಣ್ಣ ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟಿತ್ತು. ಸೂಜಿಯ ತುದಿಯಿಂದ ಮೆಲ್ಲನೆ ಕೆರೆದು ನೋಡಿದರೂ ಚಾರ್ಜ್ ಹಿಡಿಯಲಿಲ್ಲ.

ಕೃಷಿ ಬರಹಗಳಲ್ಲಿ ಇಂಥ ಗೊಂದಲವಿಲ್ಲ. ‘ರೋಗನಿರೋಧಕ ತಳಿ’ ಬೇರೆ, ‘ರೋಗಸಹಿಷ್ಣು ತಳಿ’ ಬೇರೆ. ಮೊದಲನೆಯದು ರೋಗ ಹಿಡಿಯದಂತೆ ಬಹುಮಟ್ಟಿಗೆ ತಡೆಯುತ್ತದೆ. ಎರಡನೆಯದು ರೋಗ ಬಂದರೂ ತಾಳಿಕೊಂಡು ಫಸಲು ಕೊಡುತ್ತದೆ. ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಕಾಸರಗೋಡಿನಲ್ಲಿಯೇ ಇರುವಾಗ ಇಲ್ಲಿನ ತೋಟದವರಿಗೆ ಈ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಜಾಡು ಹಿಡಿದು ನಾನು ‘ನೀರುತಾಳಿಕೆ’ ಎಂದು ಬರೆದಿದ್ದೇನೆ. ‘ತಾಳಿಕೆ ಬಾಳಿಕೆ’ ಎಂಬ ಜೋಡುನುಡಿ ನಮ್ಮ ಬಳಕೆಯಲ್ಲಿ ಇದ್ದೇ ಇದೆ, ತಾಳುವುದಕ್ಕೊಂದು ಮಿತಿಯಿದೆ ಎಂಬುದೂ ಪದದೊಳಗೇ ಇದೆ. ಇನ್ನೂ ಬಿಡಿಸುವುದಾದರೆ ಐಪಿ 54ಕ್ಕೆ ‘ಎರಚಲುತಾಳಿಕೆ’, ಐಪಿ 67ಕ್ಕೆ ‘ಮುಳುಗುತಾಳಿಕೆ’. ಜಗಲಿಗೆ ಹೊಡೆಯುವ ಮಳೆಯ ಎರಚಲನ್ನು ಕಾಣದವರು ಈ ಜಿಲ್ಲೆಯಲ್ಲಿ ಯಾರಿದ್ದಾರೆ?

ಎರಡನೆಯದು, ‘ಫೀಚರ್’ ಎಂಬುದಕ್ಕೆ ಬಳಸುವ ‘ವೈಶಿಷ್ಟ್ಯ’. ಇದು ನನಗೆ ಹೆಚ್ಚು ಕಿರಿಕಿರಿ ಕೊಡುವ ಪದ. ಬೇರೆಯವರಲ್ಲಿ ಇಲ್ಲದ್ದು ಇವರಲ್ಲಿದ್ದರೆ ಅದು ವೈಶಿಷ್ಟ್ಯ. ಈಗ ಮೊಬೈಲಿನ ಪ್ರತಿಯೊಂದು ಅಂಕಿಯೂ ಈ ತಲೆಬರಹದಡಿಯಲ್ಲಿ ಬಂದು ಕೂರುತ್ತದೆ. 108 ಮೆಗಾಪಿಕ್ಸೆಲ್ ಕ್ಯಾಮೆರಾ ಎನ್ನುತ್ತಾರೆ. ಮಾಮೂಲಾಗಿ ಫೋಟೊ ತೆಗೆಯುವಾಗ ಅದು ಒಂಬತ್ತು ಚುಕ್ಕಿಗಳನ್ನು ಒಂದಾಗಿ ಕೂಡಿಸಿ 12 ಮೆಗಾಪಿಕ್ಸೆಲಿನ ಚಿತ್ರವನ್ನು ಕೊಡುತ್ತದೆ. ಅಂಕಿ ಸುಳ್ಳಲ್ಲ, ಆದರೆ ಕೊಳ್ಳುವವರಿಗೆ ಅದರಿಂದ ಆದ ಲಾಭವೇನು? ಮೆಮೊರಿ ಕಾರ್ಡಿಗೆ ಬೇರೆಯೇ ಜಾಗವಿದೆಯೇ, ಅಥವಾ ಎರಡನೆಯ ಸಿಮ್ಮನ್ನು ತೆಗೆದು ಅಲ್ಲಿಯೇ ಹಾಕಬೇಕೇ ಎಂಬುದು ಪಟ್ಟಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಕೇರಳದ್ದೊಂದು, ಕರ್ನಾಟಕದ್ದೊಂದು ಸಿಮ್ ಇಟ್ಟುಕೊಂಡ ಗಡಿಯವರಿಗೆ ಬೇಕಾದದ್ದು ಆ ಸಣ್ಣ ಅಕ್ಷರವೇ. ಬೆರಳಚ್ಚಿನ ಬೀಗವೂ ಹಾಗೆಯೇ. ಅಡಿಕೆ ಸುಲಿದು ಬೆರಳ ತುದಿ ಸವೆದವರಿಗೆ, ಚೊಗರು ಹಿಡಿದವರಿಗೆ ಅದು ಎಷ್ಟೋ ಸಲ ತೆರೆದುಕೊಳ್ಳುವುದಿಲ್ಲ. ಇಯರ್‌ಫೋನಿನ ಕಿಂಡಿ ಇಲ್ಲದ ಮೊಬೈಲಿನಲ್ಲಿ ಎಫ್‌ಎಂ ರೇಡಿಯೊ ಸಾಮಾನ್ಯವಾಗಿ ಸಿಗದು, ಏಕೆಂದರೆ ಆ ವೈರೇ ಆಂಟೆನಾ. ತೋಟದಲ್ಲಿ ಮಂಗಳೂರು ಆಕಾಶವಾಣಿ ಕೇಳುವವರಿಗೆ ಇದು ಸಣ್ಣ ಕೊರತೆಯಲ್ಲ.

ಆದ್ದರಿಂದ ಕೈಪಿಡಿಯಲ್ಲಿ ‘ವೈಶಿಷ್ಟ್ಯ’ವನ್ನು ಪೂರ್ತಿ ಬಿಟ್ಟು, ‘ಅಳತೆ’ ಮತ್ತು ‘ಅನುಕೂಲ’ ಎಂದು ಎರಡು ತಲೆಬರಹ ಮಾಡಿದ್ದೇನೆ. ಬ್ಯಾಟರಿ 6000 ಎಂಎಎಚ್ ಎಂಬುದು ಅಳತೆ. ‘ಚಾರ್ಜ್ ನಿಲ್ಲುತ್ತದೆಯೇ?’ ಎಂದು ಅಂಗಡಿಯಲ್ಲಿ ಕೇಳುತ್ತಾರಲ್ಲ, ಅದು ಅನುಕೂಲ. ಎಣ್ಮಕಜೆಯ ಗುಡ್ಡದ ಬುಡದಂಥ ಕಡೆ, ಟವರ್ ದೂರವಿದ್ದಷ್ಟೂ ಮೊಬೈಲು ಹೆಚ್ಚು ಶಕ್ತಿ ವ್ಯಯಿಸಿ ಸಂಪರ್ಕ ಹಿಡಿದುಕೊಳ್ಳುತ್ತದೆ. ಅಳತೆ ದೊಡ್ಡದಿದ್ದರೂ ಚಾರ್ಜ್ ಬೇಗ ಇಳಿಯುತ್ತದೆ. ‘ಅಳತೆ’ಯ ಜಾಗದಲ್ಲಿ ಸರಕಾರಿ ಟೆಂಡರುಗಳ ‘ತಾಂತ್ರಿಕ ನಿರ್ದಿಷ್ಟತೆ’ ಎಂಬ ಪದವಿರುವುದು ನನಗೆ ಗೊತ್ತಿದೆ. ಅದು ಕಡತದಲ್ಲಿಯೇ ಇರಲಿ.

ಇನ್ನೊಂದು ಸಣ್ಣ ಸಂಗತಿ: ಘಟ್ಟದ ಮೇಲಿನವರು ‘ನೆಟ್‌ವರ್ಕ್ ಇಲ್ಲ’ ಎನ್ನುವಲ್ಲಿ ನಾವು ‘ರೇಂಜ್ ಇಲ್ಲ’ ಎನ್ನುತ್ತೇವೆ. ಇದು ಮಲಯಾಳದ ನೆರೆಯಿಂದ ಬಂದ ರೂಢಿ. ಕೈಪಿಡಿಯಲ್ಲಿ ‘ರೇಂಜ್’ ಎಂದೇ ಇಡುತ್ತೇನೆ.

ನನ್ನ ಪ್ರಶ್ನೆಗಳು ಇವು. ‘ಎರಚಲು’ ನಾಮಪದ, ಅದರ ಜೊತೆ ‘ತಾಳಿಕೆ’ ಸಮಾಸವಾಗುವುದರಲ್ಲಿ ತೊಡಕಿಲ್ಲ. ‘ಮುಳುಗು ಹಾಕು’ ಎಂಬ ಬಳಕೆಯ ಬಲದಿಂದ ‘ಮುಳುಗುತಾಳಿಕೆ’ಯನ್ನೂ ಒಪ್ಪಬಹುದೇ, ಅಥವಾ ‘ಮುಳುಗಡೆ’ ಎನ್ನಬೇಕೇ? ಅಣೆಕಟ್ಟಿನ ಹಿನ್ನೀರಿನ ನೆನಪು ತರುತ್ತದೆಂದು ನಾನು ‘ಮುಳುಗಡೆ’ಯನ್ನು ಬಿಟ್ಟೆ. ಚಾರ್ಜರ್ ಚುಚ್ಚುವ ಜಾಗಕ್ಕೆ ಕಿಂಡಿ ಅಣೆಕಟ್ಟಿನ ‘ಕಿಂಡಿ’ ನಮಗೆ ಸಹಜವಾಗಿ ಒದಗಿತು. ಧಾರವಾಡ, ಕಲಬುರಗಿ, ಸೊಲ್ಲಾಪುರದ ಕಡೆ ಇದಕ್ಕೆ ಏನೆನ್ನುತ್ತಾರೆ? ಕೈಪಿಡಿ ಮಳೆಗಾಲಕ್ಕೆ ಮೊದಲು, ಮದ್ದು ಬಿಡುವ ಕೆಲಸ ಶುರುವಾಗುವ ಮುನ್ನ ಅಚ್ಚಾಗಬೇಕಾಗಿದೆ.