ಮಾವ, ಹೊಸ ಸೆಲ್ಟೋಸ್ ನೋಡ್ಕೊಂಡು ಬಂದೆ

ಮಾವ, ನಿನ್ನೆ ರಾತ್ರಿ ಗ್ರೂಪಲ್ಲಿ ಕೇಳಿದ್ರಲ್ಲ, ಕಿಯಾ ಕಂಪನಿಯ ಹೊಸ ಸೆಲ್ಟೋಸ್ ಕಾರು ಬಂದಿದ್ಯಂತೆ, ನೋಡಿದ್ಯಾ, ಹೇಗಿದೆ, ಬುಕ್ ಮಾಡ್ಲಾ ಅಂತ. ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಮಾತಾಡಿಬಿಡ್ತೀನಿ. ಸ್ವಲ್ಪ ಉದ್ದ ಆಗುತ್ತೆ. ಅತ್ತೆನೂ ಜೊತೆಗೆ ಕೂರಿಸ್ಕೊಂಡು ಕೇಳಿ, ಯಾಕಂದ್ರೆ ಅಜ್ಜಿ ವಿಷ್ಯನೇ ಜಾಸ್ತಿ ಇದೆ ಇದ್ರಲ್ಲಿ.

ಮೊದ್ಲೇ ಹೇಳ್ಬಿಡ್ತೀನಿ, ಗಾಡಿ ನಿಮ್ಮನೆಗೆ ಸರಿಹೋಗುತ್ತೆ. ಆದ್ರೆ ಹೈದರಾಬಾದಿಂದ ತಮ್ಮ ಹಾಕಿದ್ದಾನಲ್ಲ, ತಗೊಂಡ್ರೆ ಟಾಪ್ ಎಂಡೇ, ಅಂದ್ರೆ ಎಲ್ಲಾ ಫೀಚರ್ ಇರೋ ದುಬಾರಿ ವೇರಿಯಂಟೇ ತಗೊಳ್ಳಿ ಅಂತ, ಅದು ಬೇಡ. ಈ ಸಲ ಈ ಗಾಡೀಲಿ ನಿಜವಾಗ್ಲೂ ಬದಲಾಗಿರೋದು ಹಿಂದಿನ ಸೀಟಿನ ಜಾಗ. ಆ ಜಾಗ ಹನ್ನೊಂದು ಲಕ್ಷದ ಗಾಡೀಲೂ ಅಷ್ಟೇ ಇರುತ್ತೆ, ಇಪ್ಪತ್ತು ಲಕ್ಷದ ಗಾಡೀಲೂ ಅಷ್ಟೇ ಇರುತ್ತೆ. ಅದಕ್ಕೇ ನಾನು ಇಷ್ಟು ಒತ್ತಿ ಹೇಳ್ತಿರೋದು.

ನೋಡೋಕೆ ಹೇಗಿದೆ ಅಂದ್ರೆ, ಮುಂದಿನ ಮುಖ ಪೂರ್ತಿ ಬೇರೆ. ಹಳೇದು ಸ್ವಲ್ಪ ದುಂಡಗಿತ್ತು, ಇದು ಚೌಕ ಚೌಕ. ಲೈಟ್ ಮೇಲಿಂದ ಕೆಳಕ್ಕೆ ಇಳಿದಿದೆ. ಗ್ರಿಲ್ ದೊಡ್ಡದು. ನನಗೆ ಇಷ್ಟ ಆಯ್ತು, ಅಮ್ಮಂಗೆ ಅಷ್ಟಾಗಿ ಇಷ್ಟ ಆಗ್ಲಿಲ್ಲ. ಬಣ್ಣ ರೂಪ ನಿಮಗೆ ಬಿಟ್ಟಿದ್ದು, ಅದ್ರ ಬಗ್ಗೆ ನಾನೇನೂ ಹೇಳಲ್ಲ.

ಈಗ ಅಳತೆ ಕೇಳಿ. 2019ರಲ್ಲಿ ಬಂದ ಮೊದಲನೇ ಸೆಲ್ಟೋಸ್, ಆಮೇಲೆ 2023ರಲ್ಲಿ ಮೇಕಪ್ ಮಾಡಿ ಬಿಟ್ರಲ್ಲ, ಆ 2023ರ ಗಾಡಿ ಉದ್ದ 4365 ಮಿಮೀ. ಈ ಹೊಸದು 4460. ಅಂದ್ರೆ 95 ಮಿಮೀ ಉದ್ದ ಜಾಸ್ತಿ, 30 ಮಿಮೀ ಅಗಲ ಜಾಸ್ತಿ. ಅದಕ್ಕಿಂತ ಮುಖ್ಯ, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ, ವೀಲ್‌ಬೇಸ್ ಅಂತಾರಲ್ಲ, ಅದು 2610 ಇದ್ದಿದ್ದು 2690 ಆಗಿದೆ. ಆ 80 ಮಿಮೀ ಎಲ್ಲಿಗೆ ಹೋಯ್ತು ಅನ್ನೋದು ಹಿಂದೆ ಕೂತ ತಕ್ಷಣ ಮಂಡಿಗೆ ಗೊತ್ತಾಗುತ್ತೆ.

ಶೋರೂಮ್‌ಗೆ ಅಮ್ಮನ್ನ ಕರ್ಕೊಂಡು ಹೋಗಿದ್ದೆ, ಬೇಕಂತ್ಲೇ. ಅಮ್ಮಂಗೂ ಅಜ್ಜಿ ಥರನೇ ಮಂಡಿ ನೋವು, ಎತ್ತರನೂ ಹೆಚ್ಚು ಕಮ್ಮಿ ಅಷ್ಟೇ. ನಾನು ಏನೂ ಹೇಳ್ದೆ ಸುಮ್ನೆ ನಿಂತು ನೋಡ್ದೆ, ಹೇಗೆ ಹತ್ತುತ್ತಾರೆ ಅಂತ. ನಿಮ್ಮ ಈಗಿನ ಕಾರಲ್ಲಿ ಅಜ್ಜಿ ಕೆಳಕ್ಕೆ ಕುಸಿದು ಕೂರ್ಬೇಕು, ಏಳುವಾಗ ಯಾರಾದ್ರೂ ಕೈ ಹಿಡಿದು ಎಳೀಬೇಕು, ಅಲ್ವಾ. ಇದ್ರಲ್ಲಿ ಅಮ್ಮ ಗಾಡಿಗೆ ಬೆನ್ನು ಮಾಡಿ ನಿಂತ್ರು, ಸೀಟಿನ ಅಂಚು ಸರಿಯಾಗಿ ಸೊಂಟದ ಕೆಳಗೆ ಸಿಕ್ತು, ಕೂತ್ರು, ಆಮೇಲೆ ಒಂದೊಂದೇ ಕಾಲು ಒಳಗೆ ತಗೊಂಡ್ರು. ಕಾಲು ತಿರುಗಿಸುವಾಗ ಮುಂದಿನ ಸೀಟಿಗೆ ಮಂಡಿ ತಾಗ್ಲಿಲ್ಲ. ಮುಂದೆ ನಾನೇ ನನ್ನ ಡ್ರೈವಿಂಗ್ ಪೊಸಿಷನ್ನಿಗೆ ಸೀಟ್ ಹಾಕ್ಕೊಂಡಿದ್ದೆ, ಹಾಗಾಗಿ ಇದು ನಿಜವಾದ ಲೆಕ್ಕ. ಇಳಿಯುವಾಗ ಮಾತ್ರ ಬಾಗಿಲ ಕೆಳಗಿನ ಪಟ್ಟಿ ಸ್ವಲ್ಪ ಅಗಲ ಅನ್ನಿಸ್ತು, ಸೀರೆ ನೆರಿಗೆ ಅದಕ್ಕೆ ಒರೆಸ್ಕೊಂಡು ಹೋಯ್ತು. ಮಳೆಗಾಲದಲ್ಲಿ ಅಲ್ಲಿ ಕೆಸರು ಇರುತ್ತೆ, ಅತ್ತೆ ಗಮನಿಸ್ಬೇಕು.

ಒಂದು ತೊಂದ್ರೆ ಕಂಡಿದ್ದು ಹೊರಗಿನ ಬಾಗಿಲ ಹಿಡಿ. ನಾವು ನೋಡಿದ್ದು ಮೇಲಿನ ವೇರಿಯಂಟು. ಅದ್ರಲ್ಲಿ ಹಿಡಿ ಬಾಗಿಲ ಒಳಗೇ ಮಲಗಿರುತ್ತೆ, ಲಾಕ್ ತೆಗೆದ್ರೆ ಮಾತ್ರ ಹೊರಗೆ ಬರುತ್ತೆ. ನೋಡೋಕೆ ಚೆಂದ. ಆದ್ರೆ ವಯಸ್ಸಾದವ್ರು ಬಾಗಿಲ ಹಿಡಿಯನ್ನ ಬಾಗಿಲು ತೆಗೆಯೋಕೆ ಮಾತ್ರ ಬಳಸಲ್ಲ, ಅದನ್ನ ಹಿಡ್ಕೊಂಡು ನಿಲ್ಲೋಕೂ ಬಳಸ್ತಾರೆ. ಅಮ್ಮ ಅಭ್ಯಾಸ ಬಲದಲ್ಲಿ ಕೈ ಹಾಕಿದ್ರು, ಬೆರಳಿಗೆ ಏನೂ ಸಿಗ್ಲಿಲ್ಲ. ಅಜ್ಜಿಗೆ ಇದನ್ನ ಮೊದಲೇ ತೋರಿಸಿ.

ಡಿಕ್ಕಿ 447 ಲೀಟರ್. ಮಂಗಳೂರಿಂದ ಅಕ್ಕ ಮಗು ಜೊತೆ ಬರುವಾಗ ಮಗು ಗಾಡಿ, ಎರಡು ಸೂಟ್‌ಕೇಸು, ಮೇಲೆ ನೀವು ತುಂಬಿಸಿ ಕಳಿಸೋ ತೆಂಗಿನಕಾಯಿ ಚೀಲ, ಅಷ್ಟಕ್ಕೆ ಸಾಕು. ಜಾಗಾನೇ ಮುಖ್ಯ ಅಂದ್ರೆ ಟಾಟಾ ಸಿಯೆರಾದಲ್ಲಿ 622 ಲೀಟರ್ ಇದೆ, ವೀಲ್‌ಬೇಸೂ 2730. ಅದನ್ನೂ ಒಂದ್ಸಲ ನೋಡಿ, ನೋಡೋಕೇನು ದುಡ್ಡಿಲ್ವಲ್ಲ.

ಮುಂದೆ ಕೂತ್ರೆ ಒಂದೇ ಹಲಗೆ ಥರ ಉದ್ದಕ್ಕೂ ಸ್ಕ್ರೀನು. 12.3 ಇಂಚಿಂದು ಎರಡು, ನಡುವೆ ಎಸಿಗೆ ಅಂತ 5 ಇಂಚಿಂದು ಇನ್ನೊಂದು. ಅಕ್ಷರ ದೊಡ್ಡದು, ನಿಮಗೆ ಕನ್ನಡಕ ಇಲ್ದೇನೂ ಸ್ಪೀಡು ಕಾಣುತ್ತೆ. ಆದ್ರೆ ಆ ನಡುವಿನ ಎಸಿ ಸ್ಕ್ರೀನು ಸ್ಟೀರಿಂಗ್ ಹಿಂದೆ ಅರ್ಧ ಮುಚ್ಚಿಹೋಗುತ್ತೆ, ಎಡಗೈ ಸ್ಟೀರಿಂಗ್ ಮೇಲಿದ್ರೆ ಪೂರ್ತಿ ಕಾಣಲ್ಲ. ಇಷ್ಟು ದೊಡ್ಡ ಕಂಪನಿ ಇದನ್ನ ಯಾಕೆ ಹೀಗೆ ಬಿಟ್ರೋ. ಪುಣ್ಯಕ್ಕೆ ಎಸಿಗೆ ಬಟನ್ನೂ ಇಟ್ಟಿದ್ದಾರೆ.

ಇಂಜಿನ್ ವಿಷ್ಯಕ್ಕೆ ಬರ್ತೀನಿ. ಇಲ್ಲಿ ನಿಧಾನಕ್ಕೆ ಕೇಳಿ, ಟೆಸ್ಟ್ ಡ್ರೈವಿಗೆ ಯಾವ್ದು ಕೊಡ್ತಾರೋ ಅದನ್ನೇ ತಗೊಂಡುಬಿಡೋರು ಜಾಸ್ತಿ. ಮೂರೂ ಹಳೇ ಇಂಜಿನ್ನೇ, ಮೂರೂ 1.5 ಲೀಟರು. ಮಾಮೂಲಿ ಪೆಟ್ರೋಲಿನ ಪವರು 115 ಪಿಎಸ್, ಹಾರ್ಸ್‌ಪವರ್ ಥರದ ಲೆಕ್ಕ ಅದು, ಎಳೆಯೋ ಶಕ್ತಿ 144 ನ್ಯೂಟನ್ ಮೀಟರ್. ಟರ್ಬೊ ಪೆಟ್ರೋಲು 160 ಪಿಎಸ್, 253. ಡೀಸೆಲು 116 ಪಿಎಸ್, 250. ಊರೊಳಗೆ ಮಾತ್ರ ಓಡಿಸೋರಿಗೆ ಮಾಮೂಲಿ ಪೆಟ್ರೋಲೇ ಸಾಕು, ನಿಶ್ಶಬ್ದ, ತಲೆನೋವಿಲ್ಲ. ಆದ್ರೆ ನೀವು ಹಾಸನ ಮಂಗಳೂರು ಓಡಾಡೋರು. ಗುಂಡ್ಯ ದಾಟಿ ಶಿರಾಡಿ ಹತ್ತುವಾಗ ಐದು ಜನ, ಲಗೇಜು, ಎಸಿ, ಮುಂದೆ ಒಂದು ಬುಲೆಟ್ ಟ್ಯಾಂಕರು. ಓವರ್‌ಟೇಕ್ ಮಾಡೋಕೆ ಸಿಗೋದು ಒಂದು ಚಿಕ್ಕ ಜಾಗ. ಅಲ್ಲಿ 144 ಇರೋ ಇಂಜಿನ್ನು ಕೂಗುತ್ತೆ, ಗೇರ್ ಇಳಿಸ್ಬೇಕು, ಆಮೇಲೂ ಯೋಚನೆ ಮಾಡ್ಬೇಕು. ಡೀಸೆಲ್ ಆದ್ರೆ ಕೆಳಗಿನ ಆರ್‌ಪಿಎಂನಲ್ಲೇ ಎಳ್ಕೊಂಡು ಹೋಗುತ್ತೆ. ನಿಮ್ಮ ಕಾಲಿಗೆ ಹಳೇ ಡೀಸೆಲ್ಲಿನ ಅಭ್ಯಾಸನೂ ಇದೆ.

ಟರ್ಬೊ ಪೆಟ್ರೋಲ್ ಓಡಿಸಿದ್ರೆ ಖುಷಿ ಆಗುತ್ತೆ, ಸುಳ್ಳಲ್ಲ. ಆದ್ರೆ ಅದ್ರ ಜೊತೆ ಬರೋ ಡಿಸಿಟಿ, ಅಂದ್ರೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ಕು, ಒಣ ಕ್ಲಚ್ಚಿಂದು. ಏರಲ್ಲಿ ಟ್ರಾಫಿಕ್ ನಿಂತು ಇಂಚಿಂಚೇ ಮುಂದೆ ಹೋಗುವಾಗ ಆ ಥರದ ಕ್ಲಚ್ ಬಿಸಿ ಆಗುತ್ತೆ. ಮಳೆಗಾಲದಲ್ಲಿ ಶಿರಾಡೀಲಿ ಗುಡ್ಡ ಕುಸಿದು ಗಂಟೆಗಟ್ಟಲೆ ನಿಲ್ಲಿಸ್ತಾರಲ್ಲ, ಅದೇ ನೆನಪಾಗುತ್ತೆ ನನಗೆ. ಡೀಸೆಲ್ಲಿಗೆ ಬರೋದು ಮಾಮೂಲಿ ಆರು ಗೇರಿನ ಆಟೋಮ್ಯಾಟಿಕ್ಕು, ಟಾರ್ಕ್ ಕನ್ವರ್ಟರಿಂದು, ಅಂದ್ರೆ ಒಣ ಕ್ಲಚ್ ಬದಲು ಎಣ್ಣೆ ಮೂಲಕ ಶಕ್ತಿ ದಾಟಿಸೋದು. ಮೆತ್ತಗೆ ಹೋಗುತ್ತೆ. ನಿಮ್ಮ ಎಡಗಾಲಿಗೂ ಈಗ ರೆಸ್ಟ್ ಬೇಕು, ಅದನ್ನೇ ತಗೊಳ್ಳಿ ಅನ್ನೋದು ನನ್ನ ಮಾತು.

ಡೀಸೆಲ್ ತಗೊಂಡ್ರೆ ಒಂದು ನೆನಪಿಡಿ. ಈಗಿನ ಬಿಎಸ್6 ಡೀಸೆಲ್ ಗಾಡೀಲಿ ಹೊಗೆ ಮಸಿ ಹಿಡಿಯೋ ಫಿಲ್ಟರ್ ಇರುತ್ತೆ, ಡಿಪಿಎಫ್ ಅಂತ. ಅದು ಚೆನ್ನಾಗಿ ಬಿಸಿಯಾದ್ರೆ ಮಾತ್ರ ಮಸಿ ಸುಟ್ಟು ಕ್ಲೀನ್ ಆಗೋದು. ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆ, ಇಷ್ಟೇ ಓಡಿಸಿದ್ರೆ ಕಟ್ಕೊಳ್ಳುತ್ತೆ. ನಿಮಗೆ ಮಂಗಳೂರು ಓಡಾಟ ಇರೋದ್ರಿಂದ ಚಿಂತೆ ಇಲ್ಲ. ಎರಡು ತಿಂಗಳು ಆ ಕಡೆ ಹೋಗ್ಲಿಲ್ಲ ಅಂದ್ರೆ ಸುಮ್ನೆ ಚನ್ನರಾಯಪಟ್ಟಣದ ಕಡೆ ಹೈವೇಲಿ ಒಂದು ರೌಂಡ್ ಹೊಡ್ಕೊಂಡು ಬನ್ನಿ.

ಟಾಪ್ ಎಂಡ್ ಯಾಕೆ ಬೇಡ ಅಂದೆ ಅಂದ್ರೆ, ಅದ್ರಲ್ಲಿ 18 ಇಂಚಿನ ವೀಲು. ವೀಲ್ ದೊಡ್ಡದಾದಷ್ಟೂ ಟೈರಿನ ರಬ್ಬರು ತೆಳ್ಳಗಾಗುತ್ತೆ. ನಮ್ಮ ಸಕಲೇಶಪುರದ ಆಚೆ ರಸ್ತೆ ಮಳೆಗಾಲದಲ್ಲಿ ಹೇಗಿರುತ್ತೆ ಅಂತ ನಿಮಗೆ ನಾನು ಹೇಳ್ಬೇಕಾ. ಗುಂಡಿ ಏಟು ನೇರವಾಗಿ ಒಳಗೆ ಬರುತ್ತೆ, ಅದು ಮೊದಲು ತಾಗೋದು ಹಿಂದೆ ಕೂತ ಅಜ್ಜಿ ಸೊಂಟಕ್ಕೆ. ಟೈರ್ ಬದಲಾಯಿಸುವಾಗ ರೇಟೂ ಜಾಸ್ತಿ. ಮಧ್ಯದ ವೇರಿಯಂಟಿನ ಚಿಕ್ಕ ವೀಲೇ ನಮ್ಮ ಕಡೆಗೆ ಒಳ್ಳೇದು.

ಇನ್ನು ಅಡಾಸ್. ಕ್ಯಾಮೆರಾ, ರಾಡಾರ್ ಇಟ್ಟು ತಾನೇ ಬ್ರೇಕ್ ಹಾಕೋದು, ಲೇನ್ ಹಿಡಿಯೋದು. ಅದು ಮೇಲಿನ ವೇರಿಯಂಟಲ್ಲಿ ಮಾತ್ರ, 21 ಫೀಚರ್ ಅಂತಾರೆ. ನಾಲ್ಕು ಪಥದ ಹೈವೇಲಿ ಮುಂದಿನ ಲಾರಿ ದಿಢೀರ್ ನಿಂತಾಗ ಜೀವ ಉಳಿಸೋ ವಸ್ತು ಅದು, ಬೇಡ ಅನ್ನಲ್ಲ. ಆದ್ರೆ ಘಾಟಿಯಲ್ಲಿ ಬಿಳಿ ಗೆರೆ ಅಳಿಸಿಹೋಗಿರುತ್ತೆ, ಮಂಜು ಬೇರೆ. ಅಲ್ಲಿ ಲೇನ್ ಅಸಿಸ್ಟ್ ಆಫ್ ಮಾಡ್ಕೊಂಡೇ ಓಡಿಸ್ಬೇಕು. ಅದಕ್ಕೋಸ್ಕರ ಲಕ್ಷಗಟ್ಟಲೆ ಜಾಸ್ತಿ ಕೊಡ್ಬೇಕಾ ಅನ್ನೋದು ನಿಮ್ಮ ಲೆಕ್ಕ. ನನಗೆ ಸಮಾಧಾನ ಆಗಿರೋದು ಏನಂದ್ರೆ ಆರು ಏರ್‌ಬ್ಯಾಗು, ಗಾಡಿ ಜಾರದಂತೆ ಹಿಡಿಯೋ ಇಎಸ್‌ಸಿ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು, ಇವೆಲ್ಲ ಕೆಳಗಿನ ವೇರಿಯಂಟಿಂದಲೇ ಇದೆ. ಅಕ್ಕನ ಮಗೂಗೆ ಚೈಲ್ಡ್ ಸೀಟ್ ಕಟ್ಟೋ ಐಸೋಫಿಕ್ಸ್ ಕೊಂಡಿನೂ ಇದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು. ಮೊದಲನೇ ಸೆಲ್ಟೋಸ್ 2020ರ ಗ್ಲೋಬಲ್ ಎನ್‌ಕ್ಯಾಪ್ ಟೆಸ್ಟಲ್ಲಿ, ಗಾಡಿ ಗುದ್ದಿಸಿ ಸುರಕ್ಷತೆ ನೋಡ್ತಾರಲ್ಲ ಅದ್ರಲ್ಲಿ, ಐದಕ್ಕೆ ತಗೊಂಡಿದ್ದು ಮೂರೇ ಸ್ಟಾರು. ಹೊಸದು ಬೇರೆ ಪ್ಲಾಟ್‌ಫಾರ್ಮ್, ಅಂದ್ರೆ ಬೇರೆ ಅಡಿಪಾಯದ ಮೇಲೆ ಕಟ್ಟಿರೋ ಗಾಡಿ, ಹಳೇ ಮಾರ್ಕ್ಸ್ ಇದಕ್ಕೆ ಅನ್ವಯ ಆಗಲ್ಲ. ಹಾಗಂತ ಸೇಲ್ಸ್ ಹುಡುಗನ ಬಾಯಿ ಮಾತೂ ಸಾಲದು. ಅಡ್ವಾನ್ಸ್ ಕೊಡೋ ದಿನ, ನಮ್ಮ ದೇಶದಲ್ಲೇ ಇಂಥದ್ದೇ ಟೆಸ್ಟ್ ಮಾಡೋ ಭಾರತ್ ಎನ್‌ಕ್ಯಾಪ್ ವೆಬ್‌ಸೈಟಲ್ಲಿ ನೀವೇ ಕಣ್ಣಾರೆ ನೋಡಿ. ಮಾರುತಿ ವಿಕ್ಟೋರಿಸ್ ಅಲ್ಲಿ ಐದು ಸ್ಟಾರ್ ತಗೊಂಡಿದೆ, ಪೆಟ್ರೋಲ್ ಜೊತೆ ಬ್ಯಾಟರಿ ಮೋಟರೂ ಇರೋ ಸ್ಟ್ರಾಂಗ್ ಹೈಬ್ರಿಡ್ಡೂ ಸಿಗುತ್ತೆ. ಸ್ಟಾರ್ ವಿಷ್ಯದಲ್ಲಿ ಮನಸ್ಸಿಗೆ ಸಮಾಧಾನ ಆಗ್ಲಿಲ್ಲ ಅಂದ್ರೆ ಅದನ್ನ ಯೋಚಿಸಿ, ನಾನು ಖಂಡಿತ ತಡೆಯಲ್ಲ. ಮಗು ಕೂರೋ ಗಾಡಿ.

ಚಿಕ್ಕಪ್ಪ ಹೇಳಿದ್ರಲ್ಲ, ಕೊರಿಯಾ ಗಾಡಿ, ಪಾರ್ಟ್ಸ್ ಅಲ್ಲಿಂದ ಬರ್ಬೇಕು ಅಂತ. ಚಿಕ್ಕಪ್ಪ, ಕಂಪನಿ ಕೊರಿಯಾದ್ದು, ಗಾಡಿ ಕಟ್ಟೋದು ನಮ್ಮ ಪಾವಗಡದ ಆಚೆ ಪೆನುಕೊಂಡದಲ್ಲಿ. ಹೈದರಾಬಾದ್ ಹೈವೇಲಿ ಹೋಗುವಾಗ ಕಾಣುತ್ತಲ್ಲ, ಅದೇ ಫ್ಯಾಕ್ಟರಿ.

ರೇಟು. 2026ರ ಜನವರಿಯಲ್ಲಿ ಎಕ್ಸ್ ಶೋರೂಮ್, ಅಂದ್ರೆ ರೋಡ್ ಟ್ಯಾಕ್ಸ್, ಇನ್ಶೂರೆನ್ಸ್ ಸೇರದೆ, 10.99 ಲಕ್ಷದಿಂದ 19.99 ಲಕ್ಷದವರೆಗೆ ಅಂತ ಬಿಟ್ಟಿದ್ದು. 2025ರ ಸೆಪ್ಟೆಂಬರ್ 22ರಿಂದ ಈ ಸೈಜಿನ ಗಾಡಿಗೆ ಜಿಎಸ್‌ಟಿ 40 ಪರ್ಸೆಂಟ್ ಆಯ್ತು, ಮೊದಲು ಸೆಸ್ ಸೇರಿ 45 ಇತ್ತು. ನಾಲ್ಕು ಮೀಟರ್ ಒಳಗಿನ ಚಿಕ್ಕ ಇಂಜಿನ್ ಗಾಡಿಗೆ 18 ಮಾತ್ರ. ಜೊತೆಗೆ ನಮ್ಮ ಕರ್ನಾಟಕದ ರೋಡ್ ಟ್ಯಾಕ್ಸ್ ನಿಮಗೆ ಗೊತ್ತೇ ಇದೆ, ಹತ್ತರಿಂದ ಇಪ್ಪತ್ತು ಲಕ್ಷದ ಗಾಡಿಗೆ 17 ಪರ್ಸೆಂಟ್, ಅದ್ರ ಮೇಲೆ ಸೆಸ್ ಬೇರೆ. ಹದಿನೈದು ಲಕ್ಷದ ಗಾಡಿ ಅಂದ್ರೆ ಟ್ಯಾಕ್ಸೇ ಎರಡೂವರೆ ಲಕ್ಷ ದಾಟುತ್ತೆ. ಟಾಪ್ ಎಂಡಿಗೆ ಹೋದ್ರೆ ಮೂರು ಲಕ್ಷದ ಮೇಲೆ. ಅಂದ್ರೆ ಸ್ಕ್ರೀನಿಗೂ ಸನ್‌ರೂಫಿಗೂ ಕೊಡೋ ಒಂದೊಂದು ರೂಪಾಯಿ ಮೇಲೂ ಟ್ಯಾಕ್ಸ್ ಕಟ್ತೀರಿ. ಆ ದುಡ್ಡು ಉಳಿಸಿ, ಒಳ್ಳೇ ಚೈಲ್ಡ್ ಸೀಟು, ಎಕ್ಸ್‌ಟೆಂಡೆಡ್ ವಾರಂಟಿ ತಗೊಳ್ಳಿ.

ಕೊಟೇಶನ್ ಕೈಗೆ ಬಂದಾಗ ಒಂದೊಂದೇ ಸಾಲು ಓದಿ. ಇನ್ಶೂರೆನ್ಸ್ ಅವರ ಹತ್ರಾನೇ ಮಾಡಿಸ್ಬೇಕು ಅಂತ ಕಾನೂನಿಲ್ಲ, ಹೊರಗೆ ರೇಟ್ ವಿಚಾರಿಸಿ. ಆಕ್ಸೆಸರಿ ಕಿಟ್ ಕಡ್ಡಾಯ ಅಂದ್ರೆ ಒಪ್ಪಬೇಡಿ. ಟಿಸಿಎಸ್ ಅಂತ, ಮಾರೋರೇ ಹಿಡಿದು ನಿಮ್ಮ ಹೆಸರಲ್ಲಿ ಕಟ್ಟೋ ಇನ್‌ಕಮ್ ಟ್ಯಾಕ್ಸು, ಒಂದು ಪರ್ಸೆಂಟ್ ಹಾಕಿರ್ತಾರೆ, ಅದು ಸರಿಯಾದ್ದೇ, ಹತ್ತು ಲಕ್ಷ ದಾಟಿದ ಗಾಡಿಗೆ ಇದ್ದೇ ಇದೆ. ರಿಟರ್ನ್ ಹಾಕುವಾಗ ನಿಮಗೆ ಅದು ಲೆಕ್ಕಕ್ಕೆ ಸಿಗುತ್ತೆ, ನಿಮ್ಮ ಆಡಿಟರ್‌ಗೆ ಹೇಳಿ.

ಹಾಗಾಗಿ ಮಾವ, ಡೀಸೆಲ್ ಆಟೋಮ್ಯಾಟಿಕ್, ಮಧ್ಯದ ವೇರಿಯಂಟು, ಚಿಕ್ಕ ವೀಲು. ಆದ್ರೆ ಬುಕ್ ಮಾಡೋಕೆ ಮುಂಚೆ ಅಜ್ಜಿನ ಹಾಸನದ ಶೋರೂಮ್‌ಗೆ ಕರ್ಕೊಂಡು ಹೋಗಿ, ಹಿಂದಿನ ಸೀಟಲ್ಲಿ ಸ್ವಲ್ಪ ಹೊತ್ತು ಕೂರಿಸಿ, ಹತ್ತಿ ಇಳಿಸಿ ನೋಡಿ. ಟೆಸ್ಟ್ ಡ್ರೈವಲ್ಲೂ ಅವರನ್ನ ಹಿಂದೆ ಕೂರಿಸ್ಕೊಂಡೇ ಹೋಗಿ. ಆಮೇಲೆ ಕೊಟೇಶನ್ ಫೋಟೋ ತೆಗೆದು ಗ್ರೂಪಿಗೆ ಹಾಕಿ, ಸೈನ್ ಮಾಡೋಕೆ ಮುಂಚೆ ನಾನು ಒಂದ್ಸಲ ನೋಡ್ತೀನಿ.