ಅಪ್‌ಡೇಟ್: ಪೈಥಾನ್ ಟ್ಯುಟೋರಿಯಲ್ ಕನ್ನಡ ಪಿಡಿಎಫ್ ಕಡೀಗೂ ಬಂತ್ರಿ

ಹೋದ್ವಾರ ಕೇಳಿದ್ದೆ ನೋಡ್ರಿ, ಕಲಬುರಗಿಯೊಳಗ ನಮ್ಮ ಜೂನಿಯರ್ ಹುಡುಗರ ಸಲುವಾಗಿ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷಾದ ಟ್ಯುಟೋರಿಯಲ್ ಕನ್ನಡಕ್ಕ ಮಾಡ್ಲಿಕತ್ತೀವಿ, ಎಚ್‌ಟಿಎಂಎಲ್ (ವೆಬ್ ಪುಟ) ಚಂದ ಬರ್ತದ ಆದ್ರ ಪಿಡಿಎಫ್ ಬಿಲ್ಡ್ ಮಾಡಿದ್ರ ಕನ್ನಡ ಅಕ್ಷರ ಬಂದಲ್ಲೆಲ್ಲಾ ಎರರ್ ಅಂತ. ಈಗ ಸರಿ ಆಗ್ಯದ.

ತಪ್ಪು ಇದ್ದಿದ್ದು ಪಿಡಿಎಫ್ ಮಾಡೋ ಇಂಜಿನ್‌ದಾಗ. ಡಾಕ್ಯುಮೆಂಟ್ ಬಿಲ್ಡ್ ಮಾಡೋ ಸ್ಫಿಂಕ್ಸ್ ಅನ್ನೋ ಟೂಲ್ ಮೊದಲು ಲೇಟೆಕ್ (ಪುಟ ಜೋಡಿಸೋ ಭಾಷಾ) ಫೈಲ್ ಮಾಡಿ ಪಿಡಿಎಫ್‌ಲೇಟೆಕ್ ಅನ್ನೋ ಇಂಜಿನ್‌ಗೆ ಕೊಡ್ತದ, ಅದಕ್ಕ ಕನ್ನಡ ಯುನಿಕೋಡ್ ತಿಳಿಯಂಗಿಲ್ಲ. ನೀವು ಹೇಳಿದಂಗ ಸ್ಫಿಂಕ್ಸ್ ಸೆಟ್ಟಿಂಗ್ ಇರೋ ಕಾನ್ಫ್ ಫೈಲ್‌ನಾಗ ಲೇಟೆಕ್ ಇಂಜಿನ್ ಝೀಲೇಟೆಕ್ (ಯುನಿಕೋಡ್ ತಿಳಿಯೋ ಇಂಜಿನ್) ಅಂತ ಬದಲು ಮಾಡಿ ನೋಟೋ ಸೆರಿಫ್ ಕನ್ನಡ ಫಾಂಟ್ ಹಾಕ್ದೆ, ಎರರ್ ಹೋಯ್ತು ಆದ್ರ ಒತ್ತಕ್ಷರ ಎಲ್ಲಾ ಬಿಡಿಬಿಡಿ ಆಗಿ ಬಂದ್ವು, ಭಾಳ ಬ್ಯಾಸರ ಆಗಿತ್ತು, ಆಮ್ಯಾಲೆ ಫಾಂಟ್ ಸೆಟ್ಟಿಂಗ್‌ದಾಗ ಸ್ಕ್ರಿಪ್ಟ್ ಕನ್ನಡ ಅಂತ ಸೇರಿಸಿದ ಮ್ಯಾಲೆ ಕೂಡಿದ್ವು.

ಕೋಡ್‌ಗೆ ಮಾತ್ರ ಕನ್ನಡ ಫಾಂಟ್ ಹಾಕಬ್ಯಾಡ್ರಿ. ಅಕ್ಷರದ ಅಗಲ ಒಂದೇ ಇರಂಗಿಲ್ಲ, ಇಂಡೆಂಟ್ (ಸಾಲಿನ ಮೊದಲಿಗೆ ಬಿಡೋ ಜಾಗ) ಅಳತಿ ಕಾಣಂಗಿಲ್ಲ, ಪೈಥಾನ್‌ದಾಗ ಇಂಡೆಂಟೇ ಜೀವ. ಅದಕ್ಕ ಕೋಡ್ ಒಳಗಿನ ಕನ್ನಡ ಕಾಮೆಂಟ್ (ಟಿಪ್ಪಣಿ) ಎಲ್ಲಾ ಕೋಡ್ ಕೆಳಗ ವಿವರಣೆ ಮಾಡಿ ಬರ್ದೀವಿ.

ಇನ್ನೊಂದು, ಪೈಥಾನ್ 2.5 ಆವೃತ್ತಿ ತನಕ ಪೈಥಾನ್ ಮಾಡೋರು ತಮ್ಮ ಡಾಕ್ಯುಮೆಂಟೇಶನ್ ಪೂರಾ ಲೇಟೆಕ್‌ನಾಗೇ ಬರೀತಿದ್ರಂತ, 2008ರ 2.6ರಿಂದ ಸ್ಫಿಂಕ್ಸ್. ಸ್ಫಿಂಕ್ಸ್ ಬಂದಿದ್ದಕ್ಕ ಅನುವಾದ ಮಾಡೋರಿಗೆ ಕೆಲಸ ಎಷ್ಟು ಹಗುರ ಆಗ್ಯದ ಅಂತ ಈಗ ತಿಳೀತು.

ಜಗತ್ ಸರ್ಕಲ್ ಹತ್ರ ಮೊದಲ ಅಧ್ಯಾಯ ಪ್ರಿಂಟ್ ಹೊಡಿಸಿದೆ, ಒಂದು ಒತ್ತಕ್ಷರನೂ ತಪ್ಪಿಲ್ಲ. ಹೇಳಿಕೊಟ್ಟ ಅಣ್ಣಾವ್ರಿಗೆ, ಅಕ್ಕಾವ್ರಿಗೆ ಶರಣು.